ಪೋಕ್ಸೊ: ಗಲ್ಲಿನ ಮಾತಿಗೆ ಮೊದಲು ಆ 30 ದಿನಗಳ ಲೆಕ್ಕ ಕೇಳೋಣ

ಒಂದು ಜಿಲ್ಲಾ ಕೋರ್ಟಿನ ಕಾರಿಡಾರಿನಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಸ್ಕೂಲ್ ಯೂನಿಫಾರ್ಮಿನಲ್ಲೇ ಬಂದಿದ್ದ ಹುಡುಗಿ, ಜೊತೆಗೆ ಅವಳಮ್ಮ. ಮಧ್ಯಾಹ್ನ ಮೂರಕ್ಕೆ ಗೊತ್ತಾಯಿತು: ಇವತ್ತು ಆಗಲ್ಲ, ಮುಂದಿನ ತಾರೀಕು. "ಇದು ಐದನೇ ಸಲ ಮೇಡಂ. ಕಂಪ್ಲೇಂಟ್ ಕೊಟ್ಟಾಗ ನಾಲ್ಕನೇ ಕ್ಲಾಸು, ಈಗ ಏಳು" ಅಂದರು ಅಮ್ಮ. ಆರೋಪಿ ಹತ್ತು ಹೆಜ್ಜೆ ದೂರದಲ್ಲಿ ನಿಂತು ಟೀ ಕುಡಿಯುತ್ತಿದ್ದ.

ಇಂಥ ಪ್ರಕರಣ ಸುದ್ದಿಯಾದಾಗಲೆಲ್ಲ ನಮ್ಮ ಟೈಮ್‌ಲೈನ್ ತುಂಬ ಒಂದೇ ಕೂಗು: ಗಲ್ಲಿಗೇರಿಸಿ. 2019ರ ತಿದ್ದುಪಡಿಯಲ್ಲಿ ಅದೂ ಬಂದಾಯಿತು. ಆದರೆ ಶಿಕ್ಷೆ ಕಡತದ ಕೊನೇ ಪುಟ. ಕೇಸುಗಳು ಸೋಲುವುದು ಅದಕ್ಕೂ ಬಹಳ ಮೊದಲು.

ಕಾನೂನು ಹೇಳುವುದೇನು?

2012ರ ನವೆಂಬರ್ 14ರಂದು ಜಾರಿಯಾದ ಪೋಕ್ಸೊ ಕಾಯ್ದೆ ಕಾಗದದ ಮೇಲೆ ಮಗುವಿನ ಪರವಾಗಿಯೇ ಇದೆ. ಹೇಳಿಕೆ ಪಡೆಯುವ ಪೊಲೀಸರು ಯೂನಿಫಾರ್ಮಿನಲ್ಲಿ ಇರುವಂತಿಲ್ಲ (ಸೆಕ್ಷನ್ 24). ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು (33). ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು (36). ಕೋರ್ಟು ಪ್ರಕರಣವನ್ನು ವಿಚಾರಣೆಗೆ ಪರಿಗಣಿಸಿದ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು; ತಡವಾದರೆ ಕಾರಣ ಬರೆದಿಡಬೇಕು. ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು (35).

30 ದಿನ ಯಾಕೆ ಮುಖ್ಯ?

ಎನ್‌ಸಿಆರ್‌ಬಿ ಅಂಕಿಅಂಶ ವರ್ಷವರ್ಷವೂ ಹೇಳುವ ಮಾತಿದು: ಪೋಕ್ಸೊ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ. ನೆಂಟ, ನೆರೆಯವ, ಮನೆಗೆ ಬಂದು ಹೋಗುವವ. ಹಾಗಾಗಿ ಪ್ರತಿ ಮುಂದೂಡಿಕೆಯೂ ಒತ್ತಡ ಹಾಕಲು ಸಿಗುವ ಕಾಲಾವಕಾಶ. "ಮನೆ ಮರ್ಯಾದೆ ನೋಡಿ", "ನಾಳೆ ಹುಡುಗಿ ಮದುವೆ ಆಗಬೇಡ್ವಾ?" ಅನ್ನುವ ಮಾತುಗಳು ಶುರುವಾಗುತ್ತವೆ. ಅತ್ತ ಮಗುವಿನ ನೆನಪೂ ಮಸುಕಾಗುತ್ತದೆ. ಮೂರು ವರ್ಷದ ನಂತರ ದಿನಾಂಕ, ಸಮಯ ತಪ್ಪಿದರೆ ಅದು 'ಹೇಳಿಕೆಯಲ್ಲಿ ವ್ಯತ್ಯಾಸ'. ಕೊನೆಗೆ ಸಾಕ್ಷಿ ಪ್ರತಿಕೂಲ, ಆರೋಪಿ ಖುಲಾಸೆ. ಆರೋಪ ಸುಳ್ಳಾಗಿದ್ದರೂ ಅಷ್ಟೇ: ಆ ನಿರಪರಾಧಿಯೂ ವರ್ಷಗಟ್ಟಲೆ ಕಾಯಬೇಕು.

ಈ ಒತ್ತಡದ ಎದುರು ಕುಟುಂಬದ ಜೊತೆ ನಿಲ್ಲಲೆಂದೇ ಕಾನೂನು ಒಬ್ಬರನ್ನು ಕೊಟ್ಟಿದೆ: ಬೆಂಬಲ ವ್ಯಕ್ತಿ. 2020ರ ನಿಯಮಗಳ ಪ್ರಕಾರ ಇವರನ್ನು ನೇಮಿಸುವುದು ಮಕ್ಕಳ ಕಲ್ಯಾಣ ಸಮಿತಿ. ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆಗಿದ್ದು, ಕೇಸು ಎಲ್ಲಿಗೆ ಬಂತು, ಮುಂದೇನು ಅಂತ ತಿಳಿಸುವುದು ಇವರ ಕೆಲಸ. ಇದನ್ನು ಪೋಷಕರ ಆಯ್ಕೆಗೆ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. ಕಾರಿಡಾರಿನಲ್ಲಿ ಸಿಕ್ಕ ಆ ಅಮ್ಮನಿಗೆ ಇಂಥವರೊಬ್ಬರು ಇರಬೇಕಿತ್ತು ಅನ್ನುವುದೇ ಗೊತ್ತಿರಲಿಲ್ಲ.

ಇಂಜಿನಿಯರಿಂಗ್‌ನಲ್ಲಿ ನಾನು ಕಲಿತ ಒಂದು ಪಾಠ: ಡ್ರಾಯಿಂಗ್ ಸರಿಯಿದ್ದೂ ಸೇತುವೆ ಕುಸಿದರೆ, ಡ್ರಾಯಿಂಗ್ ತಿದ್ದುತ್ತಾ ಕೂರಬಾರದು, ಸೈಟಿಗೆ ಹೋಗಿ ಸಿಮೆಂಟ್ ಎಷ್ಟು ಬಿದ್ದಿದೆ ನೋಡಬೇಕು.

ನಾವೇನು ಕೇಳಬಹುದು?

ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ 10 ರೂಪಾಯಿಯ ಒಂದು ಆರ್‌ಟಿಐ ಹಾಕಿ: ಕಳೆದ ವರ್ಷ ಎಷ್ಟು ಪೋಕ್ಸೊ ಪ್ರಕರಣ, ಎಷ್ಟು ಮಕ್ಕಳಿಗೆ ಬೆಂಬಲ ವ್ಯಕ್ತಿ ಸಿಕ್ಕರು, ಅವರಿಗೆ ಗೌರವಧನ ಪಾವತಿ ಆಗಿದೆಯಾ? 30 ದಿನದೊಳಗೆ ಎಷ್ಟು ಮಕ್ಕಳ ಸಾಕ್ಷ್ಯ ದಾಖಲಾಯಿತು ಅನ್ನುವುದನ್ನು ನಿಮ್ಮ ಶಾಸಕರ ಮೂಲಕ ಸದನದಲ್ಲಿ ಕೇಳಿಸಿ.

ಗಲ್ಲು ಅಂತ ಕೂಗಿದರೆ ಯಾರೂ ಉತ್ತರ ಕೊಡಬೇಕಿಲ್ಲ. ಈ ಪ್ರಶ್ನೆಗಳಿಗೆ ಕೊಡಲೇಬೇಕು.