ಹಲ್ಲಿನ ಡಾಕ್ಟರ ಕುರ್ಚಿಗೆ ಹೆದರುವಿರಾ?

"ಡಾಕ್ಟ್ರೇ, ಬೇಕಾದರೆ ಎರಡು ಇಂಜೆಕ್ಷನ್ ಚುಚ್ಚಿ, ಮಾತ್ರೆ ಎಷ್ಟಾದರೂ ಬರೆಯಿರಿ. ಹಲ್ಲಿನ ಡಾಕ್ಟರ ಹತ್ತಿರ ಮಾತ್ರ ಕಳಿಸಬೇಡಿ."

ರಾತ್ರಿ ಎಂಟೂವರೆಗೆ, ಚಿಕಿತ್ಸಾಲಯದ ಬಾಗಿಲು ಹಾಕುವ ಹೊತ್ತಿಗೆ, ಕೆನ್ನೆಗೆ ಮಫ್ಲರ್ ಸುತ್ತಿಕೊಂಡು ಬಂದು ಹೀಗೆಂದವರು ಒಬ್ಬ ಲೈನ್‌ಮನ್. ಮಳೆಗಾಲದ ಕತ್ತಲಲ್ಲಿ ಕಂಬ ಹತ್ತಿ ತಂತಿ ಸರಿಪಡಿಸುವ ಗಟ್ಟಿ ಆಳು. ವಯಸ್ಸು ನಲವತ್ತೇಳು, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ಗುಳಿ ಬಿದ್ದಿತ್ತು. ನಾನು ಐದು ದಿನಕ್ಕೆ ಆಂಟಿಬಯಾಟಿಕ್, ಜೊತೆಗೆ ನೋವಿನ ಮಾತ್ರೆ ಬರೆದು, ಚೀಟಿಯ ಕೆಳಗೆ "ದಂತವೈದ್ಯರಿಗೆ ತೋರಿಸಿ" ಎಂದು ಒಂದು ಸಾಲು ಸೇರಿಸಿದೆ. ನೋವು ಹೋಯಿತು, ಅವರು ಮಾತ್ರ ಹೋಗಲಿಲ್ಲ. ಎರಡು ತಿಂಗಳಿಗೆ ಮತ್ತೆ ಬಂದರು, ಮತ್ತೆ ಅದೇ ಮಾತ್ರೆ. ಮೂರನೆಯ ಸಲವೂ ಅಷ್ಟೇ.

ನಾಲ್ಕನೆಯ ಸಲ ಮಗ ಆಟೋದಲ್ಲಿ ಕರೆತಂದ. ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾದ ಬಾವು. ನಾಲಿಗೆ ಅಂಗುಳಕ್ಕೆ ಎತ್ತಿಕೊಂಡಿತ್ತು. ಉಗುಳು ನುಂಗಲಾಗದೆ ಜೊಲ್ಲು ಸುರಿಯುತ್ತಿತ್ತು. ಮಾತಾಡಿದರೆ ಬಿಸಿ ಅನ್ನದ ತುತ್ತು ಬಾಯಲ್ಲಿ ಇಟ್ಟುಕೊಂಡವರಂತೆ ಕೇಳಿಸುತ್ತಿತ್ತು. ಈ ಸ್ಥಿತಿಗೆ ಲುಡ್ವಿಗ್ಸ್ ಆಂಜೈನಾ ಎಂದು ಹೆಸರು. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರೇ ಅದಕ್ಕೆ ಉಳಿದುಕೊಂಡಿದೆ. ಹೃದಯದ ಆಂಜೈನಾಗೂ ಇದಕ್ಕೂ ಸಂಬಂಧವಿಲ್ಲ. ಕೆಳಗಿನ ದವಡೆ ಹಲ್ಲಿನ ಬೇರಿನಿಂದ ಸೋಂಕು ನಾಲಿಗೆಯ ಅಡಿಗೆ ಇಳಿದು, ಎರಡೂ ಕಡೆ ಹರಡಿ, ಉಸಿರಿನ ದಾರಿಯನ್ನೇ ಒತ್ತತೊಡಗುತ್ತದೆ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗಬಹುದು. ಆಂಬುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಅಲ್ಲಿ ಕತ್ತಿನ ಕೆಳಗೆ ಕೊಯ್ದು ಕೀವು ಬಸಿದು, ಹಲ್ಲು ಕಿತ್ತು, ಒಂಬತ್ತು ದಿನ ಇಟ್ಟುಕೊಂಡು ಉಳಿಸಿದರು.

ಹೆದರಿದವರು ಅವರು. ಆದರೆ ಆ ಹೆದರಿಕೆಗೆ ಮೂರು ಸಲ ಮಾತ್ರೆ ಬರೆದುಕೊಟ್ಟವನು ನಾನು. ಗಟ್ಟಿಯಾಗಿ ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡರೆ, ಉತ್ತರ ನಾಚಿಕೆಯದು. ನನಗೂ ಆ ಕುರ್ಚಿ ಎಂದರೆ ಭಯವಿತ್ತು.

ಒಂಬತ್ತನೆಯ ವಯಸ್ಸಿನಲ್ಲಿ ನಮ್ಮ ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಹಲ್ಲು ಕೀಳಿಸಿದ್ದರು. ಇಂಜೆಕ್ಷನ್ ಕೊಟ್ಟವರಿಗೆ ಜಾಗ ಮರಗಟ್ಟುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಕೈ ಹಿಡಿಯಲು ಒಬ್ಬರು, ತಲೆ ಹಿಡಿಯಲು ಒಬ್ಬರು. "ಗಂಡು ಹುಡುಗ ಅಳ್ತಾನೇನೋ" ಎಂಬ ಮಾತು ಬೇರೆ. ಮುಂದೆ ಎಂಬಿಬಿಎಸ್ ಓದಿ, ಹೆಣ ಕೊಯ್ದು, ಹೆರಿಗೆ ಮಾಡಿಸಿ, ಊರವರ ಗಾಯಗಳಿಗೆಲ್ಲ ಹೊಲಿಗೆ ಹಾಕಿದ ನಾನು ಮೂವತ್ತೆರಡು ವರ್ಷ ದಂತವೈದ್ಯರ ಮೆಟ್ಟಿಲು ಹತ್ತಲಿಲ್ಲ. ಎಡಗಡೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು, ಬಲಗಡೆಯಿಂದ ಕುಡಿಯುತ್ತಿದ್ದೆ.

ನಿಮ್ಮಲ್ಲೂ ಬಲಗಡೆಯಿಂದಲೇ ಕುಡಿಯುವವರು ಅನೇಕರಿದ್ದೀರಿ ಎಂದು ಬಲ್ಲೆ.

ಭಯ ಯಾವುದಕ್ಕೆ?

ಹಲ್ಲಿನ ಚಿಕಿತ್ಸೆಯ ಭಯವನ್ನು ಅಳೆಯಲು 1969ರಲ್ಲಿ ಅಮೆರಿಕದ ನಾರ್ಮನ್ ಕೋರಾ ಎಂಬುವರು ನಾಲ್ಕು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ನಾಳೆ ದಂತವೈದ್ಯರಲ್ಲಿಗೆ ಹೋಗಬೇಕೆಂದರೆ ನಿಮಗೇನನಿಸುತ್ತದೆ? ಹೊರಗೆ ಸರದಿಗಾಗಿ ಕಾಯುವಾಗ? ಕುರ್ಚಿಯಲ್ಲಿ ಕುಳಿತಿದ್ದು ಅವರು ಕೊರೆಯುವ ಯಂತ್ರ ಸಿದ್ಧಪಡಿಸುವಾಗ? ಹಲ್ಲು ಶುಚಿ ಮಾಡುವ ಉಪಕರಣ ಎತ್ತಿಕೊಳ್ಳುವಾಗ? ಗಮನಿಸಿ, ನಾಲ್ಕೂ ಪ್ರಶ್ನೆಗಳು ಕಾಯುವ ಹೊತ್ತಿನವು. ಇನ್ನೂ ಯಾರೂ ಬಾಯಿ ಮುಟ್ಟಿಲ್ಲ. ಭಯ ಬಲಿಯುವುದು ಅಲ್ಲೇ.

ಇನ್ನೊಂದು ಕಾರಣ ನಿಸ್ಸಹಾಯಕತೆ. ಹೊಟ್ಟೆ ನೋಡುವಾಗ ನೀವು ಡಾಕ್ಟರ ಜೊತೆ ಮಾತಾಡಬಹುದು, "ಅಲ್ಲಿ ಒತ್ತಬೇಡಿ" ಎನ್ನಬಹುದು. ಇಲ್ಲಿ ಹಿಂದಕ್ಕೆ ಒರಗಿಸಿರುತ್ತಾರೆ, ಬಾಯಿ ತೆರೆದಿರಬೇಕು, ಮುಖದ ಮೇಲೆ ಪ್ರಖರ ದೀಪ. ನಡೆಯುವುದೇನೋ ಕಾಣುವುದಿಲ್ಲ, ಹೇಳೋಣವೆಂದರೆ ಬಾಯೇ ಅವರ ವಶದಲ್ಲಿದೆ. ಅಷ್ಟರಲ್ಲಿ 'ಕುಂಯ್' ಎಂಬ ಸದ್ದು. ಎಂಥವರಿಗೂ ಅಂಗೈ ಬೆವರಿದರೆ ಆಶ್ಚರ್ಯವಿಲ್ಲ. ನಿಮ್ಮದು ಹೇಡಿತನವೆಂದು ಯಾರಾದರೂ ನಕ್ಕರೆ, ಅವರ ಬಾಯನ್ನೊಮ್ಮೆ ತೆರೆಸಿ ನೋಡಿ!

ಮೇಲಾಗಿ ನಾವು ಹೊತ್ತಿರುವ ಕಥೆಗಳು ಹಳೆಯವು. ಒಂದು ಕಾಲದಲ್ಲಿ ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ಹಲ್ಲು ಕೊರೆಯುತ್ತಿದ್ದರು; ನಿಧಾನವಾಗಿ ತಿರುಗುವ ಅದು ತಲೆಬುರುಡೆಯನ್ನೇ ನಡುಗಿಸುತ್ತಿತ್ತು. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಏರೋಟರ್ 1957ರಲ್ಲಿ ಬಂತು. ಇಂದು ಮರಗಟ್ಟಿಸಲು ಬಳಸುವ ಲಿಗ್ನೊಕೇನ್ ಔಷಧವನ್ನು ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ 1943ರಲ್ಲಿ ತಯಾರಿಸಿದರು. ಅದಕ್ಕೂ ಹಿಂದೆ, 1844ರ ಡಿಸೆಂಬರ್ 11ರಂದು, ಅಮೆರಿಕದ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನೈಟ್ರಸ್ ಆಕ್ಸೈಡ್ ಅನಿಲ ಸೇದಿ ತನ್ನದೇ ಹಲ್ಲನ್ನು ಸಹೋದ್ಯೋಗಿಯಿಂದ ಕೀಳಿಸಿಕೊಂಡು ನೋಡಿದ. ನೋವಿಲ್ಲದ ಶಸ್ತ್ರಚಿಕಿತ್ಸೆಯ ದಾರಿಯನ್ನು ಜಗತ್ತಿಗೆ ತೋರಿಸಿದವರಲ್ಲಿ, ನಾವು ಯಾರಿಗೆ ಹೆದರುತ್ತೇವೋ ಆ ದಂತವೈದ್ಯರೇ ಮುಂದಿದ್ದರು.

ನಮ್ಮ ಕಡೆಯ ಇನ್ನೊಂದು ಹೆದರಿಕೆಯನ್ನೂ ಹೇಳಿಬಿಡುತ್ತೇನೆ: "ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ." ಹಲ್ಲಿನ ನೋವನ್ನು ಒಯ್ಯುವ ನರ ಬೇರೆ, ದೃಷ್ಟಿಯ ನರ ಬೇರೆ. ವಯಸ್ಸಾದವರಿಗೆ ಹಲ್ಲು ಹೋಗುವ ಕಾಲಕ್ಕೇ ಕಣ್ಣಿಗೆ ಪೊರೆಯೂ ಬರುವುದರಿಂದ ಹುಟ್ಟಿದ ನಂಬಿಕೆ ಇದಿರಬೇಕು.

ನೋವು ನಿಂತರೆ ವಾಸಿಯಾದಂತಲ್ಲ

ಭಯಪಟ್ಟವರನ್ನು ಮೋಸಗೊಳಿಸುವುದು ಹಲ್ಲುನೋವಿನ ವಿಚಿತ್ರ ನಡಿಗೆ. ಹುಳುಕು ಹಲ್ಲಿನ ಹೊರಕವಚದಲ್ಲಿರುವಾಗ ನೋವೇ ಇರುವುದಿಲ್ಲ. ಒಳಪದರಕ್ಕೆ ಇಳಿದಾಗ ತಣ್ಣಗಿನದು, ಸಿಹಿಯಾದದ್ದು ತಾಗಿದರೆ ಜುಮ್ಮೆನ್ನುತ್ತದೆ. ಆಗ ಹೋದರೆ ತುಂಬಿಸಿ ಕಳಿಸುತ್ತಾರೆ, ಎಷ್ಟೋ ಸಲ ಇಂಜೆಕ್ಷನ್ ಕೂಡ ಬೇಕಾಗುವುದಿಲ್ಲ. ಹೋಗುವುದಿಲ್ಲ. ಹುಳುಕು ತಿರುಳನ್ನು ಮುಟ್ಟುತ್ತದೆ. ರಾತ್ರಿ ಮಲಗಿದಾಗ ಕಿವಿ, ತಲೆಗೆಲ್ಲ ಹಬ್ಬಿ ಮಿಡಿಯುವ ನೋವು. ಲವಂಗದ ಎಣ್ಣೆ ಇಡುತ್ತೇವೆ, ಕೆಲವರು ನಶ್ಯ ಒತ್ತುತ್ತಾರೆ, ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲಿಟ್ಟು ಬಾಯಿ ಸುಟ್ಟುಕೊಂಡವರನ್ನೂ ಕಂಡಿದ್ದೇನೆ. ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ನೋವು ಮಾಯ! ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದದ್ದೇನೆಂದರೆ, ಹಲ್ಲಿನೊಳಗಿನ ನರವೂ ರಕ್ತನಾಳವೂ ಸತ್ತಿವೆ. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿಯುತ್ತಿದೆ.

ಮಾತ್ರೆಯ ಮಿತಿಯೂ ಇಲ್ಲೇ ಇದೆ. ಸತ್ತ ತಿರುಳಿನಲ್ಲಿ ರಕ್ತ ಹರಿಯುವುದಿಲ್ಲ; ರಕ್ತ ಹರಿಯದ ಜಾಗಕ್ಕೆ ಆಂಟಿಬಯಾಟಿಕ್ ತಲುಪುವುದಾದರೂ ಹೇಗೆ? ಹಲ್ಲುನೋವಿನ ಬಹುಪಾಲು ಸಂದರ್ಭಗಳಲ್ಲಿ ಆಂಟಿಬಯಾಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಮಾಡಿ ಎಂದು ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಜ್ವರ, ಹರಡುವ ಬಾವು ಇದ್ದರೆ ಅದು ಬೇಕು, ಆಗಲೂ ಹಲ್ಲಿನ ಚಿಕಿತ್ಸೆಯ ಜೊತೆಗೆ.

"ನನಗೆ ಇಂಜೆಕ್ಷನ್ ಹಿಡಿಯುವುದೇ ಇಲ್ಲ, ಕಳೆದ ಸಲ ಪ್ರಾಣ ಹೋಯಿತು" ಎನ್ನುವವರು ಇದನ್ನು ಓದಬೇಕು. ಕೀವು, ಉರಿಯೂತ ಇರುವ ಜಾಗ ಆಮ್ಲೀಯವಾಗಿರುತ್ತದೆ. ಅಲ್ಲಿ ಲಿಗ್ನೊಕೇನ್ ನರದೊಳಕ್ಕೆ ಸರಿಯಾಗಿ ಇಳಿಯದು. ಅಂದರೆ ಹೆದರಿ ತಡಮಾಡಿದಷ್ಟೂ ಇಂಜೆಕ್ಷನ್ ಕಡಿಮೆ ಹಿಡಿಯುತ್ತದೆ, ನೋವು ಹೆಚ್ಚಾಗುತ್ತದೆ, ಮುಂದಿನ ಸಲದ ಭಯ ಇಮ್ಮಡಿಯಾಗುತ್ತದೆ. ಬೇಗ ಹೋದವರಿಗೆ ನೋವಿಲ್ಲ, ತಡವಾಗಿ ಹೋದವರ ಕಥೆಯಷ್ಟೇ ಊರೆಲ್ಲ ಹಬ್ಬುತ್ತದೆ.

ಬಾಯಿ ತೆರೆಯುವ ಮೊದಲು ಹೇಳಿ

ಲೈನ್‌ಮನ್ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ನಾನು ನಮ್ಮೂರಿನ ದಂತವೈದ್ಯೆಯೊಬ್ಬರ ಬಳಿ ಹೋದೆ. "ನಾನು ಡಾಕ್ಟರೇ, ಆದರೆ ನನಗೆ ಭಯ" ಎಂದೆ. ಅವರು ನಗಲಿಲ್ಲ. ಮೊದಲ ದಿನ ಕನ್ನಡಿಯೊಂದನ್ನು ಬಿಟ್ಟು ಯಾವ ಉಪಕರಣವನ್ನೂ ಬಾಯಿಗೆ ತರಲಿಲ್ಲ. ಒಂದು ಒಪ್ಪಂದ ಮಾಡಿಕೊಂಡೆವು: ನಾನು ಎಡಗೈ ಎತ್ತಿದರೆ ಅವರು ಆ ಕ್ಷಣವೇ ನಿಲ್ಲಿಸಬೇಕು, ಕಾರಣ ಕೇಳಬಾರದು. ಮಾತು ಕಳೆದುಕೊಂಡ ಬಾಯಿಗೆ ಕೈಯೊಂದು ನಾಲಿಗೆಯಾದಂತಾಯಿತು. ಎರಡನೆಯ ಭೇಟಿಯಲ್ಲಿ ಹಲ್ಲು ತುಂಬಿಸಿದರು. ನಾನು ಕೈ ಎತ್ತಿದ್ದು ಎರಡೇ ಸಲ.

ನೀವೂ ಇದನ್ನೇ ಮಾಡಿ. ಹೋದೊಡನೆ, ಕುರ್ಚಿಯಲ್ಲಿ ಕೂರುವ ಮೊದಲೇ "ನನಗೆ ಭಯ" ಎಂದು ಹೇಳಿ, ಯಾವುದಕ್ಕೆ ಎಂದೂ ಹೇಳಿ. ಸೂಜಿಗೋ, ಸದ್ದಿಗೋ, ವಾಕರಿಕೆಗೋ, ಹಿಂದೆ ಆದ ಅನುಭವಕ್ಕೋ. ಸೂಜಿಯ ಭಯವಿದ್ದರೆ ಚುಚ್ಚುವ ಜಾಗಕ್ಕೆ ಮೊದಲು ಮರಗಟ್ಟುವ ಜೆಲ್ ಹಚ್ಚಿ, ಔಷಧವನ್ನು ನಿಧಾನವಾಗಿ ಬಿಡುತ್ತಾರೆ. ಸದ್ದಿನ ಭಯವಿದ್ದರೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳಿ. ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆದರೆ ಕಾಯುವ ಹೊತ್ತು ಉಳಿಯುತ್ತದೆ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ದೀರ್ಘವಾಗಿಸಿ. ಎದೆಬಡಿತ ತಾನಾಗಿ ಇಳಿಯುತ್ತದೆ. ನಿಮ್ಮ ಮಾತು ಕೇಳಿ ಗದರುವ ವೈದ್ಯರು ಸಿಕ್ಕರೆ ಎದ್ದು ಬೇರೆಯವರನ್ನು ಹುಡುಕಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಎರಡು ಸಂಗತಿ ಮೊದಲೇ ತಿಳಿದಿದ್ದರೆ ಗಾಬರಿ ತಪ್ಪುತ್ತದೆ. ಇಂಜೆಕ್ಷನ್ ನೋವನ್ನು ತಡೆಯುತ್ತದೆಯೇ ಹೊರತು ಒತ್ತಡವನ್ನೂ ಸದ್ದನ್ನೂ ಅಲ್ಲ. ಹಲ್ಲನ್ನು ಅಲುಗಿಸುವುದು, ತಳ್ಳುವುದು ಗೊತ್ತಾಗುತ್ತದೆ. ಹೆದರಿದ ಮನಸ್ಸು ಅದನ್ನೇ ನೋವೆಂದು ಲೆಕ್ಕ ಹಾಕುತ್ತದೆ. ಚುಚ್ಚಿದ ಮೇಲೆ ಒಂದೆರಡು ನಿಮಿಷ ಎದೆ ಢವಢವ ಎಂದರೆ, ಔಷಧದಲ್ಲಿ ಬೆರೆಸಿರುವ ಅಡ್ರಿನಲಿನ್‌ನಿಂದಲೂ ಹಾಗಾಗಬಹುದು. ಸ್ವಲ್ಪದರಲ್ಲೇ ಇಳಿಯುತ್ತದೆ, ಆದರೂ ಅವರಿಗೆ ತಿಳಿಸಿ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಕುರ್ಚಿಯಲ್ಲಿ ತಲೆಸುತ್ತಿ ಬೀಳುವವರಲ್ಲಿ ತಿಂಡಿ ಬಿಟ್ಟು ಬಂದವರು ಬಹಳ. ಪೂರ್ಣ ಅರಿವಳಿಕೆಗೆಂದು ವೈದ್ಯರೇ ಉಪವಾಸವಿರಲು ಹೇಳಿದ್ದರೆ ಆ ಮಾತು ಬೇರೆ. ಸಕ್ಕರೆ ಕಾಯಿಲೆಯವರು ತಿಂಡಿ ತಿಂದು, ಎಂದಿನ ಔಷಧ ತೆಗೆದುಕೊಂಡೇ ಹೋಗಿ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ. ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅದನ್ನು ತಾವಾಗಿಯೇ ನಿಲ್ಲಿಸಕೂಡದು. ಚೀಟಿ ತೋರಿಸಿ, ಇಬ್ಬರು ವೈದ್ಯರೂ ಮಾತಾಡಿಕೊಳ್ಳಲಿ. ಕವಾಟ ಬದಲಾಯಿಸಿಕೊಂಡವರು ಮೊದಲೇ ತಿಳಿಸಲೇಬೇಕು. ಧೈರ್ಯಕ್ಕೆಂದು ಒಂದು ಪೆಗ್ ಹಾಕಿಕೊಂಡು ಬರುವವರೂ ಇದ್ದಾರೆ, ಅದು ಬೇಡವೇ ಬೇಡ. ಯಾರೋ ಕೊಟ್ಟ ನಿದ್ದೆ ಮಾತ್ರೆಯೂ ಬೇಡ. ಏನು ಮಾಡಿದರೂ ಕುರ್ಚಿ ಹತ್ತಲಾಗದವರಿಗೆ ಮಂಪರು ತರಿಸಿ ಚಿಕಿತ್ಸೆ ಮಾಡುವ ಕ್ರಮವಿದೆ. ಹೊರೇಸ್ ವೆಲ್ಸ್ ಸೇದಿದ ಅದೇ ನೈಟ್ರಸ್ ಆಕ್ಸೈಡನ್ನು ಆಮ್ಲಜನಕದ ಜೊತೆ ಬೆರೆಸಿ ಕೊಡುವ ಸೌಲಭ್ಯ ಕೆಲವೆಡೆ ಉಂಟು.

ಒಂದು ಮಾತು ನೇರವಾಗಿ. ಎಷ್ಟೋ ಮನೆಗಳಲ್ಲಿ "ಭಯ" ಎನ್ನುವುದು ಖರ್ಚಿನ ಇನ್ನೊಂದು ಹೆಸರು. ಹೇಳಿಕೊಳ್ಳಲು ಮುಜುಗರ, ಅದಕ್ಕೆ ಭಯವೆನ್ನುತ್ತಾರೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಿಂದ ಇದೆ, ರಾಜ್ಯದ ಬೇರೆ ಊರುಗಳಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ಖರ್ಚು ಕಡಿಮೆ. ವಿದ್ಯಾರ್ಥಿಗಳು ಮಾಡುತ್ತಾರೆ, ಹಿರಿಯರು ನಿಂತು ನೋಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ ಎಂಬುದೊಂದೇ ತೊಡಕು.

ಮಕ್ಕಳ ವಿಷಯದಲ್ಲಿ ನನಗೆ ಸ್ವಲ್ಪ ಕೋಪವೇ ಇದೆ. "ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಹಾಕಿಸ್ತೀನಿ" ಎನ್ನುವ ತಾಯಂದಿರು ದಿನಕ್ಕೊಬ್ಬರಾದರೂ ಸಿಗುತ್ತಾರೆ. ಭಯದ ಬೀಜ ಬಿತ್ತುವುದು ಹೀಗೆ. "ಏನೂ ನೋವಾಗೋದಿಲ್ಲ" ಎಂಬ ಸುಳ್ಳೂ ಬೇಡ. ಸ್ವಲ್ಪ ನೋವಾದರೂ ಮಗು ನಿಮ್ಮನ್ನು ಮತ್ತೆ ನಂಬುವುದಿಲ್ಲ. "ಇರುವೆ ಕಚ್ಚಿದಷ್ಟು ಆಗಬಹುದು, ನಾನು ಪಕ್ಕದಲ್ಲೇ ಇರ್ತೀನಿ" ಎಂದರೆ ಸಾಕು. ಮೊದಲ ಹಲ್ಲು ಮೂಡಿದ ಮೇಲೆ, ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ ತನ್ನಿ. ನೋವಿಲ್ಲದ ದಿನ ಕುರ್ಚಿ ಕಂಡ ಮಗುವಿಗೆ ಅದು ಬರಿಯ ಕುರ್ಚಿ.

ನೆನಪಿಡಿ, ಗದ್ದದ ಕೆಳಗೆ ಬಾವು, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ, ಮಾತು ತೊದಲುವುದು, ಉಸಿರಿಗೆ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಿ.

ನಮ್ಮ ಲೈನ್‌ಮನ್‌ಗೆ ಇನ್ನೊಂದು ಕಡೆಯ ಹಲ್ಲೂ ಹುಳುಕಾಗಿತ್ತು. ಈ ಸಲ ಮಾತ್ರೆ ಬರೆಯಲಿಲ್ಲ, ಎಡಗೈಯ ಒಪ್ಪಂದ ಹೇಳಿಕೊಟ್ಟು ಜೊತೆಗೆ ನಾನೂ ಹೋದೆ. ಬೇರುನಾಳದ ಚಿಕಿತ್ಸೆ ಮೂರು ಭೇಟಿಗಳಲ್ಲಿ ಮುಗಿಯಿತು. ಮೊದಲ ದಿನ ಯಂತ್ರ ಶುರುವಾದ ಅರ್ಧ ನಿಮಿಷಕ್ಕೇ ಕೈ ಎತ್ತಿದರು. ದಂತವೈದ್ಯೆ ಥಟ್ಟನೆ ನಿಲ್ಲಿಸಿ, "ನೋವಾಯಿತೇ?" ಎಂದರು.

"ಇಲ್ಲಮ್ಮ. ನಿಲ್ಲಿಸ್ತೀರೋ ಇಲ್ಲವೋ ನೋಡಿದೆ" ಎಂದು ಮತ್ತೆ ಬಾಯಿ ತೆರೆದರು.