ಟರ್ಬೊ ಕಾರಿಗೆ ಹೊಸ ಮೂಗು ಬೇಕೇ?

ಗೋವೆಯ ರಸ್ತೆಗಳಲ್ಲಿ ಶನಿವಾರ ಸಂಜೆ ಸ್ವಲ್ಪ ಹೊತ್ತು ನಿಂತವರಿಗೆ ಒಂದು ಸಂಗತಿ ಅರಿವಿಗೆ ಬಾರದೆ ಇರದು. ಕೆಲವು ಕಾರುಗಳು ಕಣ್ಣಿಗೆ ಬೀಳುವ ಮೊದಲೇ ಅವುಗಳ ಉಸಿರು ಕಿವಿಗೆ ಬೀಳುತ್ತದೆ. ನೋಡಿದರೆ ಸಾಧಾರಣ ಪುಟ್ಟ ಕಾರೇ. ಆದರೆ ಗೇರು ಬದಲಿಸುವಾಗಲೆಲ್ಲ ಪ್ರೆಶರ್ ಕುಕ್ಕರು ಕೂಗುವುದಕ್ಕೆ ಮುಂಚೆ ಬರುವಂಥ 'ಸುಸ್ಸ್' ಎಂಬ ಸದ್ದು. ಬಾನೆಟ್ಟು ಎತ್ತಿದರೆ ಗುಟ್ಟು ತಿಳಿಯುತ್ತದೆ. ಕಂಪೆನಿಯವರು ಕೊಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕಿತ್ತು ಹಾಕಿ, ಅದರ ಸ್ಥಾನದಲ್ಲಿ ಹೊಳೆಯುವ ಅಲ್ಯುಮಿನಿಯಂ ಕೊಳವೆಯೊಂದನ್ನೂ ಅದರ ತುದಿಗೆ ಅನಾನಸು ಹಣ್ಣಿನ ಗಾತ್ರದ ಕೆಂಪು ಫಿಲ್ಟರನ್ನೂ ಕೂರಿಸಿರುತ್ತಾರೆ. ಪೇಟೆಯಲ್ಲಿ ಇದರ ಹೆಸರು 'ಇಂಟೇಕ್'. ಬೆಲೆ, ಕಾರನ್ನೂ ತಯಾರಕರನ್ನೂ ನೋಡಿಕೊಂಡು, ಹತ್ತಾರು ಸಾವಿರದವರೆಗೆ ಹೋಗುತ್ತದೆ.

ಗೋವೆಯ ಶೋಕಿ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಮಂಜೇಶ್ವರ, ಕುಂಬಳೆಗಳನ್ನು ಹಾದು ಹೋಗುವ ೬೬ನೇ ರಾಷ್ಟ್ರೀಯ ಹೆದ್ದಾರಿಯೇ ಕಾಣಕೋಣ, ಮಡಗಾಂವಗಳನ್ನೂ ಹಾದು ಪನ್ವೇಲಿಗೆ ಹೋಗುವುದು. ಆ ದಾರಿಯಲ್ಲಿ ಹೊಟೇಲು ಕೆಲಸಕ್ಕೂ ವ್ಯಾಪಾರಕ್ಕೂ ಹೋಗಿ ಅಲ್ಲೇ ಮನೆ ಮಾಡಿಕೊಂಡ ನಮ್ಮವರು ಕಡಿಮೆಯಿಲ್ಲ. ಮಕ್ಕಳು ಅಲ್ಲಿ ಕಾರು ಕೊಳ್ಳುತ್ತಾರೆ, ರಜೆಗೆ ಊರಿಗೆ ಬರುವಾಗ ಆ ಸದ್ದನ್ನೂ ಜೊತೆಗೆ ತರುತ್ತಾರೆ. ಅಂಥ ಒಂದು ಮನೆಯ ಹುಡುಗ ನಮ್ಮಲ್ಲಿ ಕೇಳಿದ: "ಮಾವ, ಇಂಟೇಕ್ ಹಾಕಿಸಿದ್ರೆ ಹತ್ತು ಹಾರ್ಸ್ ಪವರ್ ಜಾಸ್ತಿ ಆಗ್ತದಂತೆ, ಹೌದಾ?" ಪಕ್ಕದಲ್ಲಿ ಕೂತಿದ್ದ ತಂದೆಯವರು ಪೇಪರಿನಿಂದ ಕಣ್ಣೆತ್ತದೆ ಹೇಳಿದರು: "ಕಾರಿನ ಕಂತು ಇನ್ನೂ ಮೂರು ವರ್ಷ ಉಂಟು, ಅದನ್ನೂ ಕೇಳು." ಹುಡುಗನ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ತಿದಿಯ ವಿದ್ಯೆ

ಎಂಜಿನು ಪೆಟ್ರೋಲು ಕುಡಿಯುತ್ತದೆ ಎಂದು ನಾವು ಹೇಳುತ್ತೇವೆ. ನಿಜಕ್ಕೂ ಅದು ಕುಡಿಯುವುದು ಗಾಳಿಯನ್ನು. ಒಂದು ಕಿಲೊ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ೧೪.೭ ಕಿಲೊ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ! ಹಳೆಯ ಮಾದರಿಯ ಎಂಜಿನಿನಲ್ಲಿ ಈ ಗಾಳಿಯನ್ನು ಪಿಸ್ಟನ್ನು ತಾನೇ ಎಳೆದುಕೊಳ್ಳಬೇಕು. ನಾವು ಬೊಂಡಕ್ಕೆ ಕೊಳವೆ ಹಾಕಿ ನೀರು ಹೀರುವ ಹಾಗೆ. ಕೊಳವೆ ಸಪೂರವಾದರೆ ಕೆನ್ನೆ ಒಳಗೆ ಹೋದೀತೇ ಹೊರತು ನೀರು ಬಾರದು. ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಏರ್ ಕ್ಲೀನರು ಬದಲಿಸಿ, ಕಾರ್ಬೊರೇಟರಿನ ಜೆಟ್ಟು ತಿದ್ದಿ, ರ‍್ಯಾಲಿಗೆ ಹೋಗುತ್ತಿದ್ದವರ ಮಾತಿನಲ್ಲಿ ಹುರುಳಿತ್ತು.

ಟರ್ಬೊ ಎಂಬುದು ಬೇರೆಯೇ ವಿದ್ಯೆ. ಕಮ್ಮಾರನ ಕುಲುಮೆಗೆ ತಿದಿ ಇದ್ದಂತೆ ಇದು ಎಂಜಿನಿಗೆ ತಿದಿ. ಹೊಗೆ ಹೊರಗೆ ಹೋಗುವ ರಭಸದಲ್ಲಿ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಎಳೆದು, ಒತ್ತಿ, ಎಂಜಿನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯುಖಿ ಎಂಬ ಎಂಜಿನಿಯರರು ೧೯೦೫ರಲ್ಲಿ ಇದಕ್ಕೆ ಪೇಟೆಂಟು ಪಡೆದರು. ಬಹು ಕಾಲ ಇದು ಹಡಗು, ವಿಮಾನ, ಲಾರಿಗಳ ಸೊತ್ತಾಗಿತ್ತು. ನಮ್ಮ ದೇಶದ ಪುಟ್ಟ ಪೆಟ್ರೋಲು ಕಾರುಗಳಲ್ಲಿ ಅದು ಎಲ್ಲರ ಕಣ್ಣಿಗೆ ಬಿದ್ದದ್ದು ಈಚೆಗೆ: ೨೦೧೩ರಲ್ಲಿ ಪೋಲೊ ಜಿಟಿ, ೨೦೧೭ರಲ್ಲಿ ಟಾಟಾ ನೆಕ್ಸಾನ್, ೨೦೧೯ರಲ್ಲಿ ಹ್ಯುಂಡೈ ವೆನ್ಯೂ. ಚಿಕ್ಕ ಟರ್ಬೊದ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುವುದುಂಟು. ಮಿಕ್ಸಿಯ ವೇಗದ ಹತ್ತು ಪಾಲು ಎಂದರೆ ಗೃಹಿಣಿಯರಿಗೆ ಅಂದಾಜು ಸಿಕ್ಕೀತು.

ಈಗ ಮುಖ್ಯ ವಿಷಯ. ಈ ತಿದಿಯನ್ನು ಎಷ್ಟು ಒತ್ತಬೇಕೆಂದು ನಿರ್ಧರಿಸುವುದು ಫಿಲ್ಟರೂ ಅಲ್ಲ, ಕೊಳವೆಯೂ ಅಲ್ಲ; ಎಂಜಿನಿನ ಕಂಪ್ಯೂಟರು. ಒಳಗೆ ಇಷ್ಟೇ ಒತ್ತಡ ಬೇಕೆಂದು ಅದಕ್ಕೆ ಕಂಪೆನಿಯವರು ಕಲಿಸಿ ಕಳುಹಿಸಿರುತ್ತಾರೆ. ಒತ್ತಡ ಹೆಚ್ಚುವ ಸೂಚನೆ ಕಂಡರೆ ಅದು ವೇಸ್ಟ್‌ಗೇಟ್ ಎಂಬ ತೂಬನ್ನು ತೆರೆದು ಹೊಗೆಯನ್ನು ಚಕ್ರದ ಬದಿಯಿಂದ ಬಿಟ್ಟುಬಿಡುತ್ತದೆ. ಆದುದರಿಂದ ಮುಂದುಗಡೆ ನೀವು ಎಷ್ಟು ಅಗಲದ ಬಾಯಿ ಇಟ್ಟರೂ ಒಳಗಿನ ಒತ್ತಡ ಕಂಪ್ಯೂಟರು ಹೇಳಿದಷ್ಟೇ. ಟರ್ಬೊ ಮಾತ್ರ ಅದೇ ಕೆಲಸವನ್ನು ಸ್ವಲ್ಪ ಕಡಿಮೆ ಕಷ್ಟದಲ್ಲಿ ಮಾಡೀತು.

ಆ 'ಸ್ವಲ್ಪ' ಎಷ್ಟು? ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ೧೦೧ ಕಿಲೊಪಾಸ್ಕಲ್. ಕಂಪೆನಿಯ ಪೆಟ್ಟಿಗೆ, ಕಾಗದದ ಫಿಲ್ಟರು ಹಾದು ಬರುವಷ್ಟರಲ್ಲಿ ಅದು ೯೮ಕ್ಕೆ ಇಳಿಯಿತು ಎಂದಿಟ್ಟುಕೊಳ್ಳೋಣ. ಹೊಸ ಕೊಳವೆಯಲ್ಲಿ ೧೦೦ಕ್ಕೆ ಮಾತ್ರ ಇಳಿಯಿತು. ಟರ್ಬೊ ಎರಡೂ ಸಂದರ್ಭದಲ್ಲಿ ಅದನ್ನು ೨೦೦ಕ್ಕೆ ಏರಿಸಬೇಕು. ಒಂದರಲ್ಲಿ ೨.೦೪ ಪಾಲು ಒತ್ತಬೇಕು, ಇನ್ನೊಂದರಲ್ಲಿ ೨ ಪಾಲು. ಒತ್ತಿದ ಗಾಳಿ ಬಿಸಿಯಾಗುತ್ತದಷ್ಟೆ. ಈ ವ್ಯತ್ಯಾಸದಿಂದ ಗಾಳಿ ತಂಪಾಗಿ ಉಳಿಯುವುದು ಸುಮಾರು ಮೂರು ಡಿಗ್ರಿ. ಅದರಲ್ಲೂ ಹೆಚ್ಚಿನ ಪಾಲನ್ನು ಮುಂದಿರುವ ಇಂಟರ್‌ಕೂಲರೇ ತೆಗೆದುಬಿಡುತ್ತದೆ. ಹುಡುಗ ಹೇಳಿದ ಹತ್ತು ಅಶ್ವಶಕ್ತಿ ಈ ಮೂರು ಡಿಗ್ರಿಯಲ್ಲಿ ಎಲ್ಲಿ ಅಡಗಿದೆಯೋ ನಮಗೆ ಕಾಣಲಿಲ್ಲ.

ಇನ್ನೊಂದು ಬದಿಯ ಲೆಕ್ಕ ಇದಕ್ಕಿಂತ ದೊಡ್ಡದು. ಕಂಪೆನಿಯ ಪೆಟ್ಟಿಗೆ ಕುರೂಪವಾದರೂ ಅದರ ಮೂತಿ ಮುಂದಿನ ಗ್ರಿಲ್ಲಿನ ಹತ್ತಿರ, ಹೊರಗಿನ ಗಾಳಿ ಸಿಗುವಲ್ಲಿ ಇರುತ್ತದೆ. ತೆರೆದ ಅನಾನಸು ಫಿಲ್ಟರು ಬಾನೆಟ್ಟಿನೊಳಗಿನ ಗಾಳಿಯನ್ನೇ ಎಳೆಯುತ್ತದೆ. ಹೊರಗೆ ೩೨ ಡಿಗ್ರಿ ಇರುವಾಗ, ಪಣಜಿಯ ವಾಹನಸಂದಣಿಯಲ್ಲಿ ಕುದಿಯುತ್ತಿರುವ ಎಂಜಿನಿನ ಬದಿಯ ಗಾಳಿ ೫೫ ಡಿಗ್ರಿ ಇತ್ತೆನ್ನಿ. ಬಾಯಲ್ಲಿ ೨೩ ಡಿಗ್ರಿ ವ್ಯತ್ಯಾಸವಾದದ್ದು ಟರ್ಬೊ ಒತ್ತಿ ಹೊರಗೆ ಬಿಡುವಾಗ ೩೦ ಡಿಗ್ರಿಯಾಗುತ್ತದೆ. ಇಂಟರ್‌ಕೂಲರು ತನ್ನಿಂದಾದಷ್ಟು ತಗ್ಗಿಸೀತು. ಆದರೂ ಉಳಿದ ಬಿಸಿಗೆ ಪೆಟ್ರೋಲು ಅಕಾಲದಲ್ಲಿ ಸಿಡಿಯುವ ಭಯವಿರುವುದರಿಂದ ಕಂಪ್ಯೂಟರು ಕಿಡಿಯ ಸಮಯವನ್ನು ಹಿಂದೆ ಸರಿಸುತ್ತದೆ. ಪರಿಣಾಮ, ಶಕ್ತಿ ಇಳಿಯುತ್ತದೆ. ಹಣ ಕೊಟ್ಟು ಶಕ್ತಿ ಕಳೆದುಕೊಂಡ ಹಾಗೆ.

ಹಾಗಾದರೆ ಯಂತ್ರದ ಮೇಲೆ ಕಾರನ್ನು ಓಡಿಸಿ ಶಕ್ತಿ ಅಳೆದು ತೋರಿಸುವ ಚೀಟಿಗಳು ಸುಳ್ಳೇ? ಸುಳ್ಳೆನ್ನಬೇಕಾಗಿಲ್ಲ. ಆದರೆ ಆ ಅಳತೆ ನಡೆಯುವುದು ಬಾನೆಟ್ಟು ತೆರೆದಿಟ್ಟು, ಎದುರಿಗೆ ದೊಡ್ಡ ಫ್ಯಾನು ಬೀಸುತ್ತಿರುವಾಗ. ಬಾನೆಟ್ಟು ತೆರೆದು ಯಾರೂ ಹೆದ್ದಾರಿಯಲ್ಲಿ ಹೋಗುವುದಿಲ್ಲ. ಮತ್ತೊಂದು ಚಮತ್ಕಾರವುಂಟು: ಎರಡು ವರ್ಷದಿಂದ ಮುಟ್ಟದೆ ಧೂಳು ಕಟ್ಟಿದ ಕಾಗದದ ಫಿಲ್ಟರಿನ ಜೊತೆಗೆ ಹೊಚ್ಚ ಹೊಸ ಇಂಟೇಕನ್ನು ಹೋಲಿಸುವುದು. ಅಲ್ಲಿ ಕಂಡ ಲಾಭದ ಬಹುಪಾಲು ಕೆಲವು ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರಿನಿಂದಲೂ ಬರುತ್ತಿತ್ತು. ಇನ್ನು ಕಿವಿಯ ಮೋಸ. ಸದ್ದು ಜೋರಾದರೆ ಕಾರು ಜೋರಾಯಿತೆಂದು ಮನಸ್ಸು ನಂಬಿಬಿಡುತ್ತದೆ. ಕಂಪೆನಿಯವರು ಆ ಪೆಟ್ಟಿಗೆಯನ್ನು ಅಷ್ಟು ಸೊಟ್ಟಸೊಟ್ಟಗೆ ಮಾಡಿರುವುದೇ ಸದ್ದನ್ನು ನುಂಗಲಿಕ್ಕೆ.

ಕೆಂಪು ಧೂಳು, ಆಟಿಯ ಮಳೆ

ಶಕ್ತಿಯ ಮಾತು ಬಿಡಿ. ಹುಡುಗರು ಸದ್ದಿಗಾಗಿಯೇ ಹಾಕಿಸುತ್ತೇವೆಂದರೆ ಅದೂ ಒಂದು ಸುಖವೇ, ನಾವು ಬೇಡವೆನ್ನಲಾರೆವು. ನಮ್ಮ ಅಂಜಿಕೆ ಇರುವುದು ಧೂಳು ಮತ್ತು ನೀರಿನದು. ಗೋವೆಯ ಮಣ್ಣು ನಮ್ಮ ಮಣ್ಣಿನಂಥದೇ, ಮುರಕಲ್ಲಿನ ಕೆಂಪು ಮಣ್ಣು. ೨೦೧೨ರಲ್ಲಿ ಗಣಿಗಾರಿಕೆ ನಿಲ್ಲುವ ಮೊದಲು ಬಿಚೋಲಿ, ಸಾಂಗೆ, ಕುಡಚಡೆಗಳ ಕಡೆ ಹೋದವರು ಅಲ್ಲಿಯ ರಸ್ತೆಗಳನ್ನು ಮರೆತಿರಲಾರರು. ಅದಿರು ತುಂಬಿದ ಟಿಪ್ಪರುಗಳ ಸಾಲು. ರಸ್ತೆಯ ಬದಿಯ ಮರದ ಎಲೆ, ಮನೆಯ ಹಂಚು, ಒಣಗಲು ಹಾಕಿದ ಬಟ್ಟೆ ಎಲ್ಲವೂ ಒಂದೇ ಬಣ್ಣ. ಆ ಧೂಳಿನಲ್ಲಿ ದಿನವಿಡೀ ದುಡಿಯುತ್ತಿದ್ದ ಲಾರಿಗಳಿಗೂ ಟರ್ಬೊ ಇತ್ತು. ಲಾರಿಯವನು ಫಿಲ್ಟರನ್ನು ನೋಡಿಕೊಳ್ಳುವುದು ಚಂದಕ್ಕಲ್ಲ, ಹೊಟ್ಟೆಪಾಡಿಗೆ. ಅದಕ್ಕೂ ಹಿಂದಿನ ಜೀಪುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳು ಹಿಡಿಯುವ ಏರ್ ಕ್ಲೀನರು ಇತ್ತು. ಹಳೆಯ ಮೆಕ್ಯಾನಿಕರು ಈಗಲೂ ಅದನ್ನು ನೆನೆಯುತ್ತಾರೆ.

ಗಾಳಿ ಸುಲಭವಾಗಿ ಹೋಗಬೇಕಾದರೆ ಜಾಲರಿಯ ಕಣ್ಣು ದೊಡ್ಡದಾಗಬೇಕು. ಕಣ್ಣು ದೊಡ್ಡದಾದರೆ ಧೂಳೂ ಹೋದೀತು. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರುಗಳು ಆ ಎಣ್ಣೆಯ ಅಂಟಿನಿಂದ ಧೂಳು ಹಿಡಿಯಲು ನೋಡುತ್ತವೆ. ಈಗ ಒಂದು ಫಿಲ್ಟರು ನೂರಕ್ಕೆ ೯೯.೫ ಪಾಲು ಧೂಳನ್ನು ಹಿಡಿಯುತ್ತದೆ, ಇನ್ನೊಂದು ೯೮ ಪಾಲು ಎಂದಿಟ್ಟುಕೊಳ್ಳಿ. ಕೇಳಲು ಒಂದೂವರೆ ಪಾಲಿನ ವ್ಯತ್ಯಾಸ. ಆದರೆ ಒಳಗೆ ಹೋದದ್ದನ್ನು ಅಳೆಯಿರಿ: ನೂರು ಗ್ರಾಮಿನಲ್ಲಿ ಮೊದಲನೆಯದರಿಂದ ಅರ್ಧ ಗ್ರಾಮು, ಎರಡನೆಯದರಿಂದ ಎರಡು ಗ್ರಾಮು. ನಾಲ್ಕು ಪಾಲು! ನಿಮಿಷಕ್ಕೆ ಲಕ್ಷಾಂತರ ಸುತ್ತು ತಿರುಗುವ ತೆಳು ರೆಕ್ಕೆಗಳಿಗೆ ಈ ಕಣಗಳು ಉಪ್ಪುಕಾಗದ ಉಜ್ಜಿದ ಹಾಗೆ ಬಡಿಯುತ್ತವೆ. ಅಲ್ಲಿಂದ ಮುಂದೆ ಸಿಲಿಂಡರಿನ ಗೋಡೆ, ರಿಂಗು. ತೊಳೆದ ಮೇಲೆ ಎಣ್ಣೆ ಹೆಚ್ಚಾಗಿ ಸವರಿದರೆ ಅದರ ಹನಿ ಗಾಳಿ ಅಳೆಯುವ ಸೂಕ್ಷ್ಮ ತಂತಿಗೆ ಅಂಟಿ ಕಂಪ್ಯೂಟರಿಗೆ ಸುಳ್ಳು ಲೆಕ್ಕ ಹೋಗುವುದೂ ಉಂಟು. ಎಲ್ಲ ಹತ್ತಿಯ ಫಿಲ್ಟರೂ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಐಎಸ್‌ಒ ೫೦೧೧ ಎಂಬ ಪರೀಕ್ಷಾಕ್ರಮವೊಂದಿದೆ. ಅದರ ಪ್ರಕಾರ ಎಷ್ಟು ಧೂಳು ಹಿಡಿಯಿತು ಎಂಬ ಅಂಕೆಯನ್ನು ಅಂಗಡಿಯವನಲ್ಲಿ ಕೇಳಿ. ಅಂಕೆ ಕೊಡದೆ ಬಣ್ಣ ತೋರಿಸಿದರೆ ಎದ್ದು ಬನ್ನಿ.

ಇನ್ನು ಮಳೆ. ಗೋವೆಯ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರ್ ಮಳೆ, ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನಮ್ಮಲ್ಲಿ ಅದಕ್ಕಿಂತ ಕಡಿಮೆಯೇನೂ ಅಲ್ಲ. ಬಿಸಿಗಾಳಿಯ ದೋಷ ತಪ್ಪಿಸಲು ಕೆಲವರು ಕೊಳವೆಯನ್ನು ಉದ್ದಕ್ಕೆ ಎಳೆದು ಬಂಪರಿನ ಹಿಂದೆ, ಚಕ್ರದ ಬದಿಗೆ ಇಳಿಸುತ್ತಾರೆ. ತಂಪುಗಾಳಿ ಸಿಗುವುದು ನಿಜ. ಆದರೆ ಆಟಿಯ ಮಳೆಯಲ್ಲಿ ರಸ್ತೆಯ ಮೇಲೆ ಮೊಣಕಾಲುಮಟ್ಟ ನೀರು ನಿಂತಾಗ ಅದೇ ಕೊಳವೆ ಗಾಳಿಯ ಬದಲು ನೀರು ಕುಡಿಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಮೇಲೆ ಬರುತ್ತಿರುವ ಪಿಸ್ಟನ್ನು ನೀರಿಗೆ ಹೊಡೆದು ನಿಲ್ಲುತ್ತದೆ, ಕೆಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಎಂಜಿನು ಬಿಚ್ಚಲೇಬೇಕು, ಖರ್ಚು ಲಕ್ಷದ ಮಾತು. ಸಾಮಾನ್ಯ ವಿಮೆಯಲ್ಲಿ ಇಂಥ ನಷ್ಟಕ್ಕೆ ಹಣ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯೆಂದು ಪ್ರತ್ಯೇಕ ಕಂತು ಕಟ್ಟಿದ್ದರೂ, ತಿಳಿಸದೆ ಮಾಡಿಸಿದ ಮಾರ್ಪಾಡು ಕಂಡರೆ ತಕರಾರು ಖಂಡಿತ. ಗ್ಯಾರಂಟಿ ಕೇಳಲು ಷೋರೂಮಿಗೆ ಹೋದಾಗಲೂ ಮೊದಲು ಬಾನೆಟ್ಟಿನೊಳಗೆ ಬೆರಳು ತೋರಿಸುತ್ತಾರೆ.

ಕಾನೂನಿನ ಕಣ್ಣು

ಕಂಪೆನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೇ ಕಲಮು ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳ ಹೈಕೋರ್ಟಿನ ತೀರ್ಪೊಂದನ್ನು ತಳ್ಳಿಹಾಕಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅಕ್ರಮ ಮಾರ್ಪಾಡಿಗೆ ಒಂದೊಂದಕ್ಕೆ ೫,೦೦೦ ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದಾಯಿತು. ೨೦೨೧ರ ಆಗಸ್ಟಿನಲ್ಲಿ ಕಣ್ಣೂರಿನಲ್ಲಿ ಬಣ್ಣಬಣ್ಣದ ವ್ಯಾನೊಂದನ್ನು ಇಲಾಖೆಯವರು ಹಿಡಿದಾಗ ಆದ ಗದ್ದಲವನ್ನು ನಮ್ಮ ಓದುಗರು ಮರೆತಿರಲಾರರು. ಪೆಟ್ಟಿಗೆಯೊಳಗೆ ಅದೇ ಅಳತೆಯ ಬೇರೆ ಫಿಲ್ಟರು ಇಟ್ಟರೆ ಯಾರೂ ಕೇಳಲಿಕ್ಕಿಲ್ಲ. ಪೆಟ್ಟಿಗೆಯನ್ನೇ ಕಿತ್ತು ಸದ್ದು ಮಾಡುವ ಕೊಳವೆ ಹಾಕಿಕೊಂಡು ಗೋವೆಯಿಂದ ತಲಪಾಡಿ ದಾಟಿ ಬರುವವನು ಮೂರು ರಾಜ್ಯಗಳ ಇನ್‌ಸ್ಪೆಕ್ಟರರ ದಯೆಯಲ್ಲಿ ಇರಬೇಕಾಗುತ್ತದೆ.

ಇಂಟೇಕು ಬೇಕಾಗುವವರು ಇಲ್ಲವೆಂದಲ್ಲ. ಟ್ರ್ಯಾಕಿನಲ್ಲಿ ಓಡಿಸಲೆಂದೇ ಕಾರು ಸಿದ್ಧಪಡಿಸುವವರು ಮೊದಲು ಕಂಪ್ಯೂಟರಿನ ಪಾಠ ತಿದ್ದಿಸುತ್ತಾರೆ, ಅನಂತರ ಇಂಟರ್‌ಕೂಲರು, ದೊಡ್ಡ ಟರ್ಬೊ ಹಾಕಿಸುತ್ತಾರೆ. ಆಗ ಹಳೆಯ ಪೆಟ್ಟಿಗೆ ಸಾಲದೆ ಬರುತ್ತದೆ. ಹೊಟ್ಟೆ ದೊಡ್ಡದಾದ ಮೇಲೆ ಬಾಯಿ ದೊಡ್ಡದಾಗಲಿ. ಅದೂ ಬಿಸಿಗಾಳಿ ತಾಗದಂತೆ ಮುಚ್ಚಿದ ಪೆಟ್ಟಿಗೆಯ ಇಂಟೇಕು. ನಮ್ಮ ಹುಡುಗರು ಹೆಚ್ಚಿನವರು ಬಾಯಿಯಿಂದ ಶುರುಮಾಡುತ್ತಾರೆ, ಏಕೆಂದರೆ ಅದು ಅಗ್ಗ ಮತ್ತು ಬಾನೆಟ್ಟು ಎತ್ತಿದರೆ ಕಾಣುತ್ತದೆ.

ದಿನಬಳಕೆಯ ಕಾರಿನವರು ಮಾಡಬೇಕಾದದ್ದು ಹತ್ತು ನಿಮಿಷದ ಕೆಲಸ. ಮಳೆ ಬಿಟ್ಟು ಧೂಳು ಏಳತೊಡಗುವ ಅಕ್ಟೋಬರಿನಲ್ಲಿ ಪೆಟ್ಟಿಗೆಯ ಕ್ಲಿಪ್ಪು ಬಿಚ್ಚಿ ಕಾಗದದ ಫಿಲ್ಟರನ್ನು ಹೊರತೆಗೆಯಿರಿ. ಎಂಜಿನಿನ ಕಡೆಗಿರುವ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರಸಿ. ಬಟ್ಟೆ ಕೆಂಪಾದರೆ ಎಲ್ಲೋ ಸಂದು ಬಿಟ್ಟಿದೆ, ಇಲ್ಲವೇ ಫಿಲ್ಟರಿನ ಅಂಚು ಸರಿಯಾಗಿ ಕೂತಿಲ್ಲ. ಅದನ್ನು ಸರಿಪಡಿಸಿ ಹೊಸತು ಹಾಕಿ. ಹಳೆಯದನ್ನು ನೆಲಕ್ಕೆ ಬಡಿದು, ಪೆಟ್ರೋಲು ಬಂಕಿನ ಗಾಳಿ ಹೊಡೆದು ಮತ್ತೆ ಹಾಕಬೇಡಿ. ಕಾಗದ ಒಮ್ಮೆ ಹರಿದರೆ ಆ ಸಣ್ಣ ತೂತು ಕಣ್ಣಿಗೆ ಕಾಣುವುದಿಲ್ಲ.