ಚರ್ಚಿಗೆ ಹೋಗುವವರು ಯೋಗಕ್ಕೆ ಹೋಗಬಾರದೇ?

ಬೆನ್ನುನೋವು, ಬಿ.ಪಿ., ಥೈರಾಯ್ಡ್, ರಾತ್ರಿ ನಿದ್ದೆ ಇಲ್ಲ... ಮೂವತ್ತೈದು ದಾಟಿದ ಗೃಹಿಣಿಯರು ಡಾಕ್ಟರ ಹತ್ತಿರ ಏನೇ ಹೇಳಿಕೊಂಡರೂ ಮಾತ್ರೆ ಚೀಟಿಯ ಜೊತೆ ಒಂದು ಸಲಹೆ ಬಂದೇ ಬರುತ್ತದೆ: ‘ಯೋಗ ಮಾಡ್ರಿ.’ ನಮ್ಮಲ್ಲಿ ಹೆಚ್ಚಿನವರು ಫೀಸೆಷ್ಟು, ಮಕ್ಕಳ ಸ್ಕೂಲ್ ವ್ಯಾನ್ ಬರುವುದರೊಳಗೆ ಮುಗಿಯುತ್ತದಾ ಅಂತ ವಿಚಾರಿಸಿ, ಚಾಪೆ ಸುತ್ತಿಕೊಂಡು ಹೊರಟುಬಿಡುತ್ತೇವೆ.

ಆದರೆ ಅದೇ ಸಲಹೆ ದಾವಣಗೆರೆಯ ಒಬ್ಬ ಕ್ರೈಸ್ತ ಗೃಹಿಣಿಗೆ ಸಿಕ್ಕಾಗ? ‘ಇದು ನನ್ನ ವಿಶ್ವಾಸಕ್ಕೆ ವಿರುದ್ಧ ಅಲ್ವಾ?’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಪ್ರಾರ್ಥನಾ ಕೂಟದವರು ಬೇಡವೇ ಬೇಡ ಅನ್ನುತ್ತಾರೆ. ಅತ್ತೆ ಮುಖ ಗಂಟಿಕ್ಕುತ್ತಾರೆ. ಗಂಡ ‘ನಿನ್ನಿಷ್ಟ’ ಎಂದು ಪೇಪರ್ ಹಿಡಿಯುತ್ತಾರೆ. ಬೆನ್ನುನೋವು ಮಾತ್ರ ಹಾಗೇ ಉಳಿಯುತ್ತದೆ! ಆ ಗೃಹಿಣಿ ನೀವಾಗಿರಬಹುದು, ಇಲ್ಲವೇ ನಿಮ್ಮ ಪಕ್ಕದ ಮನೆಯವರಾಗಿರಬಹುದು. ಇಬ್ಬರೂ ಓದಿ.

ಬೇರು ಇರುವುದು ನಿಜ

‘ಯೋಗಕ್ಕೂ ಧರ್ಮಕ್ಕೂ ಏನೂ ಸಂಬಂಧ ಇಲ್ಲ ಬಿಡ್ರೀ’ ಎಂದು ಸಮಾಧಾನ ಹೇಳುವವರು ಬಹಳ. ಇದು ಪೂರ್ತಿ ನಿಜವಲ್ಲ. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಒಂದು ಮಾತ್ರ. ಅದಕ್ಕೂ ಮೊದಲೇ ಬರುವ ನಿಯಮಗಳಲ್ಲಿ ಈಶ್ವರ ಪ್ರಣಿಧಾನ, ಅಂದರೆ ದೇವರಿಗೆ ಶರಣಾಗುವುದು ಸೇರಿದೆ. ಕೊನೆಯ ಗುರಿ ಸಮಾಧಿ. ಸೂರ್ಯ ನಮಸ್ಕಾರವನ್ನು ಸಂಪ್ರದಾಯದಂತೆ ಮಾಡಿದರೆ ಸೂರ್ಯನ 12 ಹೆಸರುಗಳನ್ನು ಹೇಳಿ ನಮಿಸುತ್ತೇವೆ. ಹಾಗಾಗಿ ಕ್ರೈಸ್ತ ಗೆಳತಿಯ ಅನುಮಾನವನ್ನು ನಕ್ಕು ತಳ್ಳಿಹಾಕಬೇಡಿ.

ಇನ್ನೊಂದು ಕಡೆಯನ್ನೂ ನೋಡಿ. ಇಂದು ತರಗತಿಗಳಲ್ಲಿ ಕಲಿಸುವ ಆಸನಗಳ ರೀತಿ ಬಹುಮಟ್ಟಿಗೆ ರೂಪುಗೊಂಡಿದ್ದು ಕಳೆದ ಶತಮಾನದ ಮೈಸೂರಿನಲ್ಲಿ. ಕಲಿಸಿದವರು ತಿರುಮಲೈ ಕೃಷ್ಣಮಾಚಾರ್ಯರು. ಅವರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. 1997ರವರೆಗೆ ನಮ್ಮ ದಾವಣಗೆರೆಯೂ ಅದೇ ಜಿಲ್ಲೆಯಲ್ಲಿತ್ತಲ್ಲವೇ! ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಬರೆದರು. ಶಿಷ್ಯರಾದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅದನ್ನು ಜಗತ್ತಿಗೆ ಹಂಚಿದರು. ಯುರೋಪಿನಿಂದ ಬಂದ ಇಂದ್ರಾದೇವಿ ಎಂಬ ಮಹಿಳೆಯೂ 1930ರ ದಶಕದಲ್ಲೇ ಅವರ ಬಳಿ ಕಲಿತರು. ದೇಶ, ಧರ್ಮ ದಾಟಿ ಆಸನಗಳು ಹೋಗಿದ್ದು ಹೀಗೆ.

ಚರ್ಚು ಏನನ್ನುತ್ತದೆ?

ಒಂದೇ ಉತ್ತರ ಇಲ್ಲ. 1989ರಲ್ಲಿ ವ್ಯಾಟಿಕನ್ ಧ್ಯಾನದ ಬಗ್ಗೆ ಒಂದು ಪತ್ರ ಹೊರಡಿಸಿತು. ಸಹಿ ಹಾಕಿದವರು ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್. ಅದರ ಸಾರ ಇಷ್ಟು: ಬೇರೆ ಧರ್ಮದಿಂದ ಬಂತು ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬೇಡಿ, ಒಳ್ಳೆಯದನ್ನು ತೆಗೆದುಕೊಳ್ಳಿ, ಆದರೆ ಕ್ರೈಸ್ತ ಪ್ರಾರ್ಥನೆಯ ಸ್ವರೂಪ ಕೆಡಬಾರದು, ದೇಹಕ್ಕಾಗುವ ಹಿತವನ್ನೇ ಪವಿತ್ರಾತ್ಮರ ವರ ಎಂದು ತಿಳಿಯಬೇಡಿ. ಮೈಸೂರಿನಲ್ಲಿ ಫಾದರ್ ಅಮಲೋರ್ಪವದಾಸ್ 1979ರಲ್ಲಿ ಅಂಜಲಿ ಆಶ್ರಮ ಕಟ್ಟಿ ಭಾರತೀಯ ರೀತಿಯ ಧ್ಯಾನಕ್ಕೆ ಜಾಗ ಕೊಟ್ಟರು. ಇನ್ನೊಂದೆಡೆ, ಯೋಗವೇ ಬೇಡ ಎಂದು ಖಡಾಖಂಡಿತವಾಗಿ ಹೇಳುವ ಪಾಸ್ಟರ್‌ಗಳೂ ಬೇಕಾದಷ್ಟು ಮಂದಿ ಇದ್ದಾರೆ.

ಈ ಗೊಂದಲಕ್ಕೆ ಬೈಬಲಿನಲ್ಲೇ ಒಂದು ಅಳತೆಗೋಲು ಇದೆ. ವಿಗ್ರಹಕ್ಕೆ ಅರ್ಪಿಸಿದ ಆಹಾರ ತಿನ್ನಬಹುದೇ ಎಂದು ಕೊರಿಂಥದವರಲ್ಲಿ ತಕರಾರು ಎದ್ದಾಗ ಸಂತ ಪೌಲರು ಉತ್ತರ ಬರೆದರು. ಆಹಾರದಿಂದ ಯಾರೂ ದೇವರಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ. ಆದರೆ ಮನಸ್ಸಾಕ್ಷಿ ಚುಚ್ಚುವವರನ್ನು ಎಡವಿಸಬೇಡಿ ಎಂಬುದು ಅದರ ತಾತ್ಪರ್ಯ. ನಮ್ಮ ಬೀದಿಗಳಲ್ಲೂ ಇದು ನಡೆದೇ ಇದೆ. ಗಣೇಶನ ಹಬ್ಬದ ಪ್ರಸಾದ ಕೊಟ್ಟರೆ ಕೆಲವು ಕ್ರೈಸ್ತ ಮನೆಯವರು ತಿನ್ನುತ್ತಾರೆ, ಕೆಲವರು ನಗುತ್ತಾ ಈಸಿಕೊಂಡು ಪಕ್ಕಕ್ಕಿಡುತ್ತಾರೆ. ಅದಕ್ಕೆ ಯಾರ ಸ್ನೇಹವೂ ಮುರಿಯಬೇಕಾಗಿಲ್ಲ.

ಹರಿಹರದ ಪಾಠ

ದಾವಣಗೆರೆಯಿಂದ ಅರ್ಧ ಗಂಟೆ ಬಸ್ಸಿನಲ್ಲಿ ಕೂತರೆ ಹರಿಹರ. ಹರಿ ಮತ್ತು ಹರ ಒಂದೇ ಮೂರ್ತಿಯಲ್ಲಿರುವ ಹರಿಹರೇಶ್ವರ ದೇವಸ್ಥಾನ ಅಲ್ಲಿದೆ. ‘ಶ್ವಾಸಗುರು’ ಎಂದು ಹೆಸರಾದ ವಚನಾನಂದ ಸ್ವಾಮೀಜಿಯವರ ಪಂಚಮಸಾಲಿ ಪೀಠ ಇದೆ. 2019ರಲ್ಲಿ ಬಸಿಲಿಕಾ ಪದವಿ ಪಡೆದ ಆರೋಗ್ಯ ಮಾತೆಯ ಚರ್ಚೂ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗಿ ನೋಡಿ. ಹಣೆಗೆ ಕುಂಕುಮ ಇಟ್ಟ ಹೆಂಗಸರು ಮಕ್ಕಳ ಆರೋಗ್ಯಕ್ಕೆ ಮೇಣದಬತ್ತಿ ಹಚ್ಚುತ್ತಾರೆ. ಹಾಗಂತ ಅವರೇನೂ ಮತ ಬದಲಾಯಿಸಿಲ್ಲ.

ಇಲ್ಲೇ ನಾವು ಎಚ್ಚರವಾಗಿರಬೇಕು. ‘ನಾವು ನಿಮ್ಮ ಮಾತೆಗೆ ಕೈ ಮುಗೀತೀವಲ್ಲ, ನೀವು ಒಂದು ಓಂ ಅಂದರೆ ಏನಾಗುತ್ತೆ?’ ಎಂದು ಕೇಳುವುದು ಸರಿಯಲ್ಲ. ನಮ್ಮ ದೇವರ ಕೋಣೆಯಲ್ಲಿ ಇನ್ನೊಂದು ಪಟಕ್ಕೆ ಜಾಗ ಇರುತ್ತದೆ. ಅವರಿಗೆ ದೇವರ ಹತ್ತು ಆಜ್ಞೆಗಳಲ್ಲಿ ಮೊದಲನೆಯದೇ ‘ಒಬ್ಬನೇ ದೇವರು’ ಎಂಬುದು. ನಮಗೆ ಸುಲಭವಾಗಿದ್ದು ಅವರಿಗೂ ಸುಲಭವೇ ಆಗಬೇಕೆಂದಿಲ್ಲ.

ಸೇರುವ ಮೊದಲು...

* ಟೀಚರ್ ಹತ್ತಿರ ಮೊದಲೇ ಕೇಳಿ. ಪ್ರಾರ್ಥನೆ ಇದೆಯೇ? ಶ್ಲೋಕ ಹೇಳಿಸುತ್ತಾರೆಯೇ? ಆ ಹೊತ್ತಿನಲ್ಲಿ ನಾನು ಸುಮ್ಮನೆ ಕೂರಬಹುದೇ? ಕೇಳಲು ಸಂಕೋಚ ಬೇಡ. 2015ರ ಮೊದಲ ಯೋಗ ದಿನದಲ್ಲಿ ಆಕ್ಷೇಪ ಬಂದಾಗ ಸರ್ಕಾರವೇ ಸೂರ್ಯ ನಮಸ್ಕಾರ ಕೈಬಿಟ್ಟಿತ್ತು. 2016ರಲ್ಲಿ ಓಂ ಹೇಳುವುದು ಕಡ್ಡಾಯವಲ್ಲ ಎಂದೂ ತಿಳಿಸಿತ್ತು.

* ಆಸನ, ಉಸಿರಾಟ, ಮಂತ್ರ-ಧ್ಯಾನ ಎಂದು ಮೂರು ಭಾಗ ಮಾಡಿಕೊಳ್ಳಿ. ಮೊದಲ ಎರಡನ್ನು ವ್ಯಾಯಾಮವಾಗಿ ಮಾಡಬಹುದು. ಮೂರನೆಯದರ ಹೊತ್ತಿಗೆ ಮನಸ್ಸಿನಲ್ಲೇ ನಿಮ್ಮ ಪ್ರಾರ್ಥನೆ ಹೇಳಿಕೊಳ್ಳಿ.

* ಸ್ಲಿಪ್ ಡಿಸ್ಕ್ ಇದ್ದವರು ಮುಂದಕ್ಕೆ ಬಾಗುವ ಆಸನಗಳನ್ನೂ, ಬಿ.ಪಿ. ಹೆಚ್ಚಿರುವವರು ತಲೆ ಕೆಳಗಾಗುವ ಆಸನ, ವೇಗದ ಕಪಾಲಭಾತಿ, ಉಸಿರು ಬಿಗಿಹಿಡಿಯುವುದನ್ನೂ ಡಾಕ್ಟರನ್ನು ಕೇಳದೆ ಮಾಡಬಾರದು. ಇದು ಎಲ್ಲ ಧರ್ಮದವರಿಗೂ!

* ಮನೆಯವರಿಗೆ ಮುಚ್ಚಿಟ್ಟು ಹೋಗಬೇಡಿ. ಅತ್ತೆಯನ್ನೇ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ನಿಮ್ಮ ಫಾದರ್ ಅಥವಾ ಪಾಸ್ಟರ್ ಜೊತೆ ಮಾತಾಡಿ.

* ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ. ವಾರಕ್ಕೆ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಬೆನ್ನಿಗೆ ಫಿಸಿಯೋಥೆರಪಿಯಲ್ಲಿ ಒಳ್ಳೆಯ ವ್ಯಾಯಾಮಗಳಿವೆ. ಯೋಗ ಮಾಡದಿದ್ದರೆ ಆರೋಗ್ಯವೇ ಇಲ್ಲ ಎಂದೇನಿಲ್ಲ. ಆದರೆ ಏನೂ ಮಾಡದೆ ನೋವು ನುಂಗಿಕೊಂಡು ಕೂರಬೇಡಿ.

ಬಗ್ಗುವುದು ಬೆನ್ನೋ, ಮನಸ್ಸೋ ಎಂಬುದು ಬಗ್ಗುವವರಿಗೇ ಗೊತ್ತು. ಹೋಗುವುದು, ಬಿಡುವುದು ಅವರದೇ ತೀರ್ಮಾನ. ಪಕ್ಕದ ಚಾಪೆಯಲ್ಲಿ ಒಬ್ಬಾಕೆ ಶ್ಲೋಕದ ಹೊತ್ತಿಗೆ ಸುಮ್ಮನೆ ಕೂತಿದ್ದರೆ ಉಳಿದವರು ತಿರುಗಿ ನೋಡದಿದ್ದರೆ ಸಾಕು. ಏನಂತೀರಿ?